ಕೇನ್ ರಿಡ್ಜ್ ಸಭೆಯ ಕಥೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವ ಹಳೆಯ ಮರದ ಚರ್ಚೊಂದರ ಚಿತ್ರವನ್ನು ಓದುಗರೊಬ್ಬರು ಕಳುಹಿಸಿದ್ದರು. ಅದನ್ನು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿದ ಮೇಲೆ ಅದರ ಬಗ್ಗೆಯೇ ಸಾಲುಸಾಲಾಗಿ ಪತ್ರಗಳು ಬಂದಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಒಂದು ವಿಷಯಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾನು ಲೆಕ್ಸಿಂಗ್ಟನ್‌ನಲ್ಲಿ ನೆಲೆಸಿರುವ ಕನ್ನಡಿಗ. ನಮ್ಮ ಊರಿನಿಂದ ಈಶಾನ್ಯಕ್ಕೆ, ಪ್ಯಾರಿಸ್ ಎಂಬ ಪಟ್ಟಣದ ಆಚೆ, ಹೊಲಗಳ ನಡುವೆ ಕೇನ್ ರಿಡ್ಜ್ ಚರ್ಚು ಇದೆ. ಹೊರಗಿನಿಂದ ಕಲ್ಲಿನ ಕಟ್ಟಡ. ಒಳಗೆ ಹೋದರೆ ಅದರೊಳಗೊಂದು ಮರದ ದಿಮ್ಮಿಗಳ ಕಟ್ಟಡ! ಇದನ್ನು ಕಟ್ಟಿದವರು ಯಾರು? ಪ್ರೆಸ್ಬಿಟೇರಿಯನ್ ಸಭೆಯಾಗಿ ಹುಟ್ಟಿದ್ದು ಈಗ ಏಕೆ ಅವರದ್ದಲ್ಲ? (ಲೆಕ್ಸಿಂಗ್ಟನ್, ಕೆಂಟಕಿ)

ನೀವು ನೋಡಿದ ಕಲ್ಲಿನ ಕಟ್ಟಡಕ್ಕೆ ವಯಸ್ಸು ಹೆಚ್ಚಿಲ್ಲ. ಒಳಗಿರುವ ಹಳೆಯ ಕಟ್ಟಡವನ್ನು ಮಳೆ ಗಾಳಿಗಳಿಂದ ಕಾಪಾಡಲು 1957ರಲ್ಲಿ ಸುಣ್ಣಕಲ್ಲಿನಲ್ಲಿ ಕಟ್ಟಿಸಿದ ಹೊದಿಕೆ ಅದು. ಒಳಗಿನದು 1791ರದು. ಕೆಂಟಕಿ ಇನ್ನೂ ರಾಜ್ಯವಾಗಿರದೆ ವರ್ಜೀನಿಯಾದ ಪಶ್ಚಿಮ ಭಾಗವಾಗಿದ್ದಾಗಲೇ, ನೀಲಿ ಆಶ್ ಮರದ ದಿಮ್ಮಿಗಳನ್ನು ಕಡಿದು ಒಂದರ ಮೇಲೊಂದು ಜೋಡಿಸಿ, ಒಂದೇ ಕೋಣೆಯಾಗಿ ಇದನ್ನು ನಿಲ್ಲಿಸಿದರು. ಕೆಂಟಕಿ ರಾಜ್ಯವಾದದ್ದು ಅದರ ಮರುವರ್ಷ, ಅಂದರೆ 1792ರ ಜೂನ್ ಒಂದರಂದು.

ಕಟ್ಟಿದವರು ಉತ್ತರ ಕೆರೊಲಿನಾದ ಕಡೆಯಿಂದ ಬಂದ ಪ್ರೆಸ್ಬಿಟೇರಿಯನ್ (ಹಿರಿಯರ ಮಂಡಳಿಗಳು ನಡೆಸುವ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥ) ಒಕ್ಕಲುಗಳು. ಇವರಲ್ಲಿ ಬಹುಪಾಲು ಜನರ ಮೂಲ ಐರ್ಲೆಂಡಿನ ಉತ್ತರ ಭಾಗವಾದ ಅಲ್ಸ್ಟರ್. ಅದಕ್ಕೂ ಹಿಂದೆ ಸ್ಕಾಟ್ಲೆಂಡ್. ಹದಿನೆಂಟನೆಯ ಶತಮಾನದಲ್ಲಿ ಇಂಥ ಸಾವಿರಾರು ಕುಟುಂಬಗಳು ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದು, ಅಲ್ಲಿ ಭೂಮಿ ದುಬಾರಿಯಾದಂತೆ ಬೆಟ್ಟಗಳ ಸಾಲನ್ನು ಅನುಸರಿಸಿ ದಕ್ಷಿಣಕ್ಕೆ ಇಳಿದು, ಮುಂದಿನ ತಲೆಮಾರಿನಲ್ಲಿ ಕಂಬರ್‌ಲ್ಯಾಂಡ್ ಕಣಿವೆಯ ದಾರಿಯಾಗಿ ಕೆಂಟಕಿಗೆ ದಾಟಿದವು. ಆ ದಾರಿಯನ್ನು ಡೇನಿಯಲ್ ಬೂನ್ ಮತ್ತು ಅವನ ಸಂಗಡಿಗರು ತೆರೆದದ್ದು 1775ರಲ್ಲಿ. ಬಿದಿರಿನ ಜಾತಿಗೆ ಸೇರಿದ ಒಂದು ಹುಲ್ಲು ದಟ್ಟವಾಗಿ ಬೆಳೆದಿದ್ದ ದಿಣ್ಣೆಯಾದ್ದರಿಂದ ಇವರು ನೆಲೆನಿಂತ ಜಾಗಕ್ಕೆ ಕೇನ್ ರಿಡ್ಜ್ ಎಂಬ ಹೆಸರು ಬಂದಿತ್ತು. ಅಂಥ ಹುಲ್ಲು ಬೆಳೆಯುವ ನೆಲ ಫಲವತ್ತಾದದ್ದು ಎಂಬುದು ವಲಸೆಗಾರರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಸಭಾಪಾಲಕ ರಾಬರ್ಟ್ ಫಿನ್ಲಿ. ಅವರು ಚರ್ಚಿನ ಬಳಿಯೇ ಮರದ ಶಾಲೆಯೊಂದನ್ನು ತೆರೆದು ಹುಡುಗರಿಗೆ ಲ್ಯಾಟಿನ್ ಹೇಳಿಕೊಡುತ್ತಿದ್ದರು. ಕಾಡು ಕಡಿದು ಜೋಳ ಬಿತ್ತುವ ಊರಿನಲ್ಲಿ ಲ್ಯಾಟಿನ್ ಏತಕ್ಕೆ ಎಂದು ಕೇಳಬಹುದು. ಪ್ರೆಸ್ಬಿಟೇರಿಯನ್ನರ ಕಟ್ಟಳೆಯ ಪ್ರಕಾರ ಲ್ಯಾಟಿನ್, ಗ್ರೀಕ್, ಹೀಬ್ರೂ ಓದಿರದ ವ್ಯಕ್ತಿ ಸಭಾಪಾಲಕನಾಗುವಂತಿರಲಿಲ್ಲ. ಆದ್ದರಿಂದ ಅವರು ಹೋದ ಕಡೆಯೆಲ್ಲ ಚರ್ಚಿನ ಹಿಂದೆಯೇ ಇಂಥ ಶಾಲೆಯೂ ಬರುತ್ತಿತ್ತು. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಉದ್ದವಾದದ್ದು. ಕೆಳಗೆ ಉಡುಪಿಯ ಓದುಗರಿಗೆ ಅದನ್ನು ಹೇಳಿದ್ದೇವೆ.

ಪ್ರಶ್ನೆ: ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವರು. ನಮ್ಮಲ್ಲಿ ಬಿಷಪರಿದ್ದಾರೆ. ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪರಿಲ್ಲ ಎಂದು ಕೇಳಿದ್ದೇನೆ. ಹಾಗಾದರೆ ಹಳ್ಳಿಯ ಸಭೆಯೊಂದನ್ನು ನಡೆಸುತ್ತಿದ್ದವರು ಯಾರು? (ಮಂಗಳೂರು)

ಹಿರಿಯರು. ಸಭೆಯ ಸದಸ್ಯರೇ ತಮ್ಮ ನಡುವಿನಿಂದ ಆರಿಸಿದ ಹಿರಿಯರು ಸಭಾಪಾಲಕನ ಜೊತೆ ಕುಳಿತು ಸೆಷನ್ ಎಂಬ ಮಂಡಳಿಯಾಗುತ್ತಿದ್ದರು. ಯಾರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕು, ಕುಡಿದು ಜಗಳವಾಡಿದವನಿಗೆ ಎಂಥ ಎಚ್ಚರಿಕೆ ಕೊಡಬೇಕು, ಯಾರಿಗೆ ಪ್ರಭುಭೋಜನ (ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಕೊಡಬಾರದು ಎಂಬುದನ್ನೆಲ್ಲ ನಿರ್ಧರಿಸುತ್ತಿದ್ದದ್ದು ಈ ಮಂಡಳಿ. ಸುತ್ತಮುತ್ತಲಿನ ಸಭೆಗಳ ಪಾಲಕರೂ ಹಿರಿಯರೂ ಸೇರಿದರೆ ಪ್ರೆಸ್ಬಿಟರಿ, ಹಲವು ಪ್ರೆಸ್ಬಿಟರಿಗಳು ಸೇರಿದರೆ ಸಿನಡ್, ಅದರ ಮೇಲೆ ಮಹಾಸಭೆ. ಸಭಾಪಾಲಕನಿಗೆ ದೀಕ್ಷೆ ಕೊಡುವುದೂ ಅವನನ್ನು ವಿಚಾರಣೆಗೆ ಗುರಿಪಡಿಸುವುದೂ ಪ್ರೆಸ್ಬಿಟರಿಯ ಕೆಲಸವಾಗಿತ್ತು.

ಹಣದ ವಿಷಯದಲ್ಲಿ ಊರವರದ್ದೇ ಮಾತು. ಒಬ್ಬ ಪಾಲಕನನ್ನು ಕರೆಯುವಾಗ ಪ್ರತಿ ಕುಟುಂಬವೂ ವರ್ಷಕ್ಕೆ ಇಷ್ಟು ಕೊಡುತ್ತೇನೆಂದು ಕಾಗದದ ಮೇಲೆ ರುಜು ಹಾಕುತ್ತಿತ್ತು. ನಗದು ಅಪರೂಪವಾಗಿದ್ದ ಆ ಗಡಿನಾಡಿನಲ್ಲಿ ಕೊಡುಗೆ ಎಷ್ಟೋ ಸಲ ಧಾನ್ಯ, ಮಾಂಸಗಳ ರೂಪದಲ್ಲಿ ಬರುತ್ತಿತ್ತು, ಕೆಲವೊಮ್ಮೆ ಬಾರದೆಯೂ ಹೋಗುತ್ತಿತ್ತು. ಒಂದೇ ಊರಿಗೆ ಪಾಲಕನ ಸಂಬಳ ಭಾರವಾದ್ದರಿಂದ ಎರಡು ಸಭೆಗಳು ಸೇರಿ ಒಬ್ಬನನ್ನು ಇಟ್ಟುಕೊಳ್ಳುವುದು ವಾಡಿಕೆ; ಕೇನ್ ರಿಡ್ಜ್‌ಗೆ ಕಾಂಕರ್ಡ್ ಎಂಬ ನೆರೆಯ ಸಭೆ ಜೊತೆಯಾಗಿತ್ತು.

ನಿಮ್ಮ ಸಭೆಯೊಳಗೂ ಈ ಪರಂಪರೆಯ ಒಂದು ಎಳೆ ಇದೆ. 1908ರಲ್ಲಿ ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಐಕ್ಯ ಸಭೆಯಾದವು. ಅದು ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಸಭೆಗಳೊಡನೆ 1947ರ ಸೆಪ್ಟೆಂಬರ್ 27ರಂದು ಒಂದಾದಾಗ ಸಿಎಸ್‌ಐ ಹುಟ್ಟಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪ್ರೆಸ್ಬಿಟೇರಿಯನ್ ಸಂಸ್ಥೆಯಲ್ಲ; ಅದು ಲೂಥರನ್ ಮತ್ತು ರಿಫಾರ್ಮ್ಡ್ ಪಂಥಗಳೆರಡನ್ನೂ ಒಳಗೊಂಡದ್ದು. ಸ್ಕಾಟಿಷ್ ಪ್ರೆಸ್ಬಿಟೇರಿಯನ್ನರ ಕೈಕೆಲಸವನ್ನು ನಮ್ಮಲ್ಲಿ ನೇರವಾಗಿ ನೋಡಬೇಕೆಂದರೆ ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿಗೆ ಹೋಗಬೇಕು. 1860ರ ದಶಕದಲ್ಲಿ ಕಟ್ಟಿದ ಆ ದಂಡುಪ್ರದೇಶದ ಚರ್ಚಿಗೂ ಕೆಂಟಕಿಯ ದಿಮ್ಮಿಗಳ ಚರ್ಚಿಗೂ ಆಡಳಿತ ಪದ್ಧತಿ ಒಂದೇ ಆಗಿತ್ತು.

ಪ್ರಶ್ನೆ: 1801ರಲ್ಲಿ ಕೇನ್ ರಿಡ್ಜ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು ಎಂದು ಓದಿದೆ. ಕಾಡಿನ ನಡುವಿನ ಒಂದು ಹಳ್ಳಿಗೆ ಅಷ್ಟು ಜನ ಬರುವುದು ಸಾಧ್ಯವೇ? ಇದು ದಂತಕಥೆಯಲ್ಲವೇ? (ಧಾರವಾಡ)

ಸಂಖ್ಯೆಯನ್ನು ಕುರಿತು ಅನುಮಾನ ಪಡುವುದು ಸರಿ. ಅಲ್ಲಿದ್ದವರ ಅಂದಾಜುಗಳು ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರದವರೆಗೂ, ಕೆಲವು ಅದಕ್ಕೂ ಮೇಲಕ್ಕೂ ಹೋಗುತ್ತವೆ. ಹತ್ತಿರದ ಲೆಕ್ಸಿಂಗ್ಟನ್ ಆಗ ಕೆಂಟಕಿಯ ಅತಿ ದೊಡ್ಡ ಪಟ್ಟಣ. 1800ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟಿರಲಿಲ್ಲ. ಇಡೀ ರಾಜ್ಯದ ಜನಸಂಖ್ಯೆ ಎರಡು ಲಕ್ಷ ಇಪ್ಪತ್ತು ಸಾವಿರದಷ್ಟು. ಜನ ಒಂದು ವಾರದ ಉದ್ದಕ್ಕೂ ಬಂದು ಹೋಗುತ್ತಿದ್ದುದರಿಂದ ಯಾವುದೇ ಒಂದು ಗಳಿಗೆಯಲ್ಲಿ ಅಲ್ಲಿದ್ದವರು ಹತ್ತು ಸಾವಿರದ ಒಳಗೇ ಇದ್ದಿರಬೇಕೆಂದು ನಮಗೆ ತೋರುತ್ತದೆ. ಅಷ್ಟಾದರೂ ಅದು ಆ ಸೀಮೆ ಅದುವರೆಗೆ ಕಂಡ ಅತಿ ದೊಡ್ಡ ಜನಸಂದಣಿಯೇ.

ಅದು ನಡೆದದ್ದು ಹೇಗೆ ಎಂಬುದು ಇದಕ್ಕಿಂತ ಸ್ವಾರಸ್ಯದ ಸಂಗತಿ. ಅಮೆರಿಕದ ಧಾರ್ಮಿಕ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವವರು ಈ ಕೂಟವನ್ನು ಗಡಿನಾಡಿನ ಒರಟು ಜನರ ನಡುವೆ ದಿಢೀರನೆ ಭುಗಿಲೆದ್ದ ಉಜ್ಜೀವನವೆಂದು, ಅಂದರೆ ಸಾಮೂಹಿಕ ಧಾರ್ಮಿಕ ಜಾಗೃತಿಯೆಂದು, ವರ್ಣಿಸುವುದುಂಟು. ದಾಖಲೆಗಳು ತೋರಿಸುವ ಚಿತ್ರ ಬೇರೆ. ಕೇನ್ ರಿಡ್ಜ್‌ನ ಹಿರಿಯರು ಮುಂಚಿತವಾಗಿ ದಿನ ಗೊತ್ತುಮಾಡಿ, ಸುತ್ತಲಿನ ಸಭೆಗಳಿಗೆ ಹೇಳಿಕಳುಹಿಸಿ, ನೆರೆಯ ಪಾಲಕರನ್ನು ಆಹ್ವಾನಿಸಿ ನಡೆಸಿದ ಪ್ರಭುಭೋಜನದ ಕೂಟವದು. ಇದು ಸ್ಕಾಟ್ಲೆಂಡಿನ ಹಳೆಯ ಪದ್ಧತಿ. ಅಲ್ಲಿನ ಗ್ರಾಮೀಣ ಸಭೆಗಳಲ್ಲಿ ಪ್ರಭುಭೋಜನ ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ನಡೆಯುತ್ತಿತ್ತು. ಆದರೆ ನಡೆದಾಗ ಹಲವು ದಿನಗಳ ಕಾರ್ಯವಾಗುತ್ತಿತ್ತು. ಗುರುವಾರ ಅಥವಾ ಶುಕ್ರವಾರ ಉಪವಾಸ, ಶನಿವಾರ ಸಿದ್ಧತೆಯ ಪ್ರಸಂಗಗಳು (ಧರ್ಮೋಪದೇಶಗಳು), ಭಾನುವಾರ ಭೋಜನ, ಸೋಮವಾರ ಕೃತಜ್ಞತಾರ್ಪಣೆ. ಹತ್ತೂರಿನ ಜನ ನಡೆದುಕೊಂಡು ಬಂದು ಆತಿಥೇಯ ಊರಿನ ಮನೆ, ಕೊಟ್ಟಿಗೆಗಳಲ್ಲಿ ತಂಗುತ್ತಿದ್ದರು. ನಮ್ಮ ಹಳ್ಳಿಗಳ ಜಾತ್ರೆಯಂತೆಯೇ ಇಲ್ಲೂ ಭಕ್ತಿಯ ಜೊತೆಗೆ ನೆಂಟರ ಭೇಟಿ, ಹುಡುಗ ಹುಡುಗಿಯರ ಕಣ್ಣೋಟ, ವ್ಯಾಪಾರ, ಕುಡಿತ ಎಲ್ಲವೂ ನಡೆಯುತ್ತಿದ್ದವು. ಸ್ಕಾಟ್ಲೆಂಡಿನ ಕ್ಯಾಂಬಸ್‌ಲ್ಯಾಂಗ್ ಎಂಬ ಹಳ್ಳಿಯಲ್ಲಿ 1742ರಲ್ಲಿ ಇಂಥ ಒಂದು ಕೂಟಕ್ಕೆ ಹತ್ತಾರು ಸಾವಿರ ಜನ ಬಂದಿದ್ದರೆಂಬ ನೆನಪು ಈ ಸಮುದಾಯದಲ್ಲಿ ಉಳಿದಿತ್ತು. ಆದ್ದರಿಂದ ಜನಸಾಗರವೂ ಕಣ್ಣೀರೂ ಅವರಿಗೆ ಅಪರಿಚಿತವಾಗಿರಲಿಲ್ಲ.

ಹತ್ತಿರದ ಕಾರಣವೂ ಇತ್ತು. ಕೆಂಟಕಿಯ ನೈಋತ್ಯ ಮೂಲೆಯ ಲೋಗನ್ ಕೌಂಟಿಯಲ್ಲಿ ಜೇಮ್ಸ್ ಮೆಕ್‌ಗ್ರೆಡಿ ಎಂಬ ಪ್ರೆಸ್ಬಿಟೇರಿಯನ್ ಪಾಲಕರ ಮೂರು ಸಣ್ಣ ಸಭೆಗಳಲ್ಲಿ 1800ರ ಬೇಸಿಗೆಯಿಂದ ಇಂಥ ಕೂಟಗಳು ಕಾವೇರಿದ್ದವು. ಜನ ಗಾಡಿಗಳಲ್ಲಿ ಊಟ, ಹಾಸಿಗೆ ತಂದು ಬಯಲಿನಲ್ಲೇ ಬೀಡುಬಿಡುವ ರೂಢಿ ಅಲ್ಲಿಂದಲೇ ಹಬ್ಬಿತು. ಕೇನ್ ರಿಡ್ಜ್‌ನ ಆಗಿನ ಪಾಲಕ ಬಾರ್ಟನ್ ಸ್ಟೋನ್ 1801ರ ವಸಂತದಲ್ಲಿ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದು ತಮ್ಮ ಸಭೆಗಳಲ್ಲಿ ಅದನ್ನು ವಿವರಿಸಿದರು. ಜುಲೈ ಆರಂಭದಲ್ಲಿ ಅವರ ಮದುವೆಯಾಯಿತು. ಮದುವೆ ಮುಗಿದದ್ದೇ ತಡ, ಹೊಸ ಹೆಂಡತಿಯೊಡನೆ ಆಗಸ್ಟಿನ ಕೂಟಕ್ಕಾಗಿ ಊರಿಗೆ ಹೊರಟರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

ಆಗಸ್ಟಿನ ಮೊದಲ ವಾರದ ಕೊನೆಗೆ ಕೂಟ ಶುರುವಾಯಿತು. ಚರ್ಚಿನೊಳಗೆ ಕೆಲವು ನೂರು ಜನರಿಗಷ್ಟೇ ಜಾಗ. ಹೊರಗೆ ಮರದ ಹಲಗೆಗಳಿಂದ ಪ್ರಸಂಗದ ವೇದಿಕೆಯೊಂದನ್ನು ಕಟ್ಟಿದ್ದರು. ಅದೂ ಸಾಲದಾದಾಗ ಗಾಡಿಗಳ ಮೇಲೆ, ಕಡಿದ ಮರದ ಬೊಡ್ಡೆಗಳ ಮೇಲೆ ನಿಂತು ಏಕಕಾಲಕ್ಕೆ ಹಲವರು ಪ್ರಸಂಗ ಮಾಡಿದರು. ಹೀಗೆ ಒಟ್ಟಿಗೆ ಏಳು ಮಂದಿ ಬೋಧಿಸುತ್ತಿದ್ದುದನ್ನು ಎಣಿಸಿದವರಲ್ಲಿ ಹಿಂದಿನ ಪಾಲಕ ಫಿನ್ಲಿಯವರ ಮಗ ಜೇಮ್ಸ್ ಫಿನ್ಲಿ ಒಬ್ಬ. ಗೇಲಿ ಮಾಡಲೆಂದು ಬಂದ ಈ ಇಪ್ಪತ್ತರ ತರುಣ ಆ ಗದ್ದಲಕ್ಕೆ ಬೆದರಿ ಕಾಡಿಗೆ ಓಡಿಹೋಗಿ, ಅಲ್ಲಿಂದ ಹೆಂಡದ ಅಂಗಡಿಯೊಂದಕ್ಕೆ ಹೋಗಿ ಬ್ರಾಂದಿ ಕುಡಿದು ಧೈರ್ಯ ತಂದುಕೊಂಡದ್ದನ್ನು ಮುಂದೆ ತಾನೇ ಬರೆದಿದ್ದಾನೆ. ತಂದೆ ಕಟ್ಟಿದ ಸಭೆಯ ಅಂಗಳದಲ್ಲಿ ಹೃದಯ ಕದಡಿಕೊಂಡ ಈತ ಕೊನೆಗೆ ಮೆಥಡಿಸ್ಟ್ ಬೋಧಕನಾದ ಎಂಬುದನ್ನು ಗಮನಿಸಬೇಕು. ಮುಂದೆ ಇಡೀ ಸಭೆಗೆ ಆದದ್ದರ ಸೂಚನೆ ಅದರಲ್ಲಿದೆ.

ಈ ಗೊಂದಲದ ನಡುವೆಯೂ ಭಾನುವಾರದ ಭೋಜನ ಕಟ್ಟುನಿಟ್ಟಾಗಿ ನಡೆಯಿತು. ಪ್ರೆಸ್ಬಿಟೇರಿಯನ್ನರಲ್ಲಿ ಭೋಜನಕ್ಕೆ ಮುಂಚೆ ಹಿರಿಯರು ಪ್ರತಿಯೊಬ್ಬರನ್ನೂ ವಿಚಾರಿಸಿ, ಅರ್ಹರೆಂದು ಕಂಡವರಿಗೆ ಸೀಸದಿಂದ ಎರಕಹೊಯ್ದ, ಉಗುರಿನಷ್ಟು ಅಗಲದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಅದನ್ನು ಮರಳಿ ಒಪ್ಪಿಸಿದವರು ಮಾತ್ರ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಎರಡೂ ಬದಿಗೆ ಕೂರಬಹುದಾಗಿತ್ತು. ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು ಪಂಕ್ತಿ. ಸುತ್ತಲೂ ಸಾವಿರಾರು ಜನ ಸೇರಿದ್ದರೂ ಮೇಜಿಗೆ ಬಂದವರ ಸಂಖ್ಯೆಯನ್ನು ಸಮಕಾಲೀನರು ಸಾವಿರದ ಆಸುಪಾಸಿನಲ್ಲೇ ಇಟ್ಟಿದ್ದಾರೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಕೇನ್ ರಿಡ್ಜ್‌ನ ಮುಂದಿನ ಕಥೆಯ ಬೀಜವಿದೆ ಎಂಬುದು ನಮ್ಮ ಅಭಿಪ್ರಾಯ. ಬಿಲ್ಲೆ ಪಡೆದವರಿಗಾಗಿ ಏರ್ಪಟ್ಟ ಕೂಟಕ್ಕೆ ಬಿಲ್ಲೆಯಿಲ್ಲದ ಜನ ಹತ್ತು ಪಟ್ಟು ಬಂದಿದ್ದರು. ಅವರ ಕೂಗಾಟ, ಅಳು, ಪಶ್ಚಾತ್ತಾಪಗಳು ಮೇಜಿಗಿಂತ ದೊಡ್ಡದಾಗಿ ಕಂಡವು.

ಕೂಟ ಆರೇಳು ದಿನ ನಡೆದು ನಿಂತದ್ದಕ್ಕೆ ಸ್ಟೋನ್ ಕೊಡುವ ಕಾರಣ ಸರಳವಾದದ್ದು: ಅಷ್ಟು ಜನಕ್ಕೆ ಉಣಿಸುವಷ್ಟು ಆಹಾರ ಆಸುಪಾಸಿನಲ್ಲಿ ಉಳಿದಿರಲಿಲ್ಲ.

ಪ್ರಶ್ನೆ: ಜನ ಮೂರ್ಛೆ ಹೋದರು, ಮೈ ಜಗ್ಗಿತು, ಕೆಲವರು ನಾಯಿಯಂತೆ ಬೊಗಳಿದರು ಎನ್ನುತ್ತಾರೆ. ಇದನ್ನು ನಂಬಬಹುದೇ? (ಬೆಂಗಳೂರು)

ಬೀಳುವುದು ನಡೆದದ್ದು ನಿಜ. ಪರವಾಗಿ ಬರೆದವರೂ ವಿರೋಧವಾಗಿ ಬರೆದವರೂ ಅದನ್ನು ದಾಖಲಿಸಿದ್ದಾರೆ. ಬಿದ್ದವರನ್ನು ಜನ ತುಳಿಯದಂತೆ ಎತ್ತಿಕೊಂಡು ಹೋಗಿ ಒಂದೆಡೆ ಮಲಗಿಸುತ್ತಿದ್ದರು. ಸ್ಟೋನ್ ತಮ್ಮ ಆತ್ಮಕಥೆಯಲ್ಲಿ ಬೀಳುವುದು, ಜಗ್ಗುವುದು, ಕುಣಿಯುವುದು, ಬೊಗಳುವುದು, ನಗುವುದು, ಓಡುವುದು, ಹಾಡುವುದು ಎಂದು ಒಂದೊಂದಾಗಿ ಎಲ್ಲವನ್ನೂ ವಿಂಗಡಿಸಿ ಬರೆದಿದ್ದಾರೆ. ಬೊಗಳುವಿಕೆ ಎಂದು ಹಾಸ್ಯ ಮಾಡಿದ್ದು ಮೈ ಜೋರಾಗಿ ಜಗ್ಗಿದಾಗ ಗಂಟಲಿನಿಂದ ಹೊರಟ ಸದ್ದನ್ನು ಎಂಬುದು ಅವರ ವಿವರಣೆ. ಆದರೆ ಅವರು ಹಲವು ವರ್ಷಗಳ, ಹಲವು ಊರುಗಳ ಅನುಭವವನ್ನು ಒಂದೇ ಅಧ್ಯಾಯದಲ್ಲಿ ಸೇರಿಸಿರುವುದರಿಂದ, ಅವೆಲ್ಲವನ್ನೂ 1801ರ ಆ ಒಂದು ವಾರದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಅತಿರೇಕಗಳಿದ್ದವೆಂದು ಸ್ಟೋನ್ ಸ್ವತಃ ಒಪ್ಪುತ್ತಾರೆ. ಒಟ್ಟಾರೆ ಫಲ ಒಳ್ಳೆಯದಾಗಿತ್ತು ಎಂಬ ನಂಬಿಕೆಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಪ್ರಶ್ನೆ: ಆಗ ಕೆಂಟಕಿಯಲ್ಲಿ ಗುಲಾಮಗಿರಿ ಇತ್ತಲ್ಲ. ಈ ಸಭೆಯಲ್ಲಿ ಕಪ್ಪು ಜನರ ಸ್ಥಾನ ಏನಿತ್ತು? (ಕಲಬುರಗಿ)

ಅಟ್ಟದ ಮೇಲೆ. ಕಟ್ಟಡದೊಳಗೆ ಗುಲಾಮರಿಗಾಗಿ ಒಂದು ಅಟ್ಟವಿತ್ತು; ಅದಕ್ಕೆ ಒಳಗಿನಿಂದ ಮೆಟ್ಟಿಲಿರದೆ, ಹೊರಗಿನಿಂದ ಏಣಿ ಹತ್ತಿ ಕಿಟಕಿಯ ಮೂಲಕ ಒಳಗೆ ಬರಬೇಕಾಗಿತ್ತು. ಒಂದೇ ಪ್ರಸಂಗವನ್ನು ಕೇಳುವ ಇಬ್ಬರು ಒಂದೇ ಬಾಗಿಲಿನಲ್ಲಿ ಎದುರಾಗಬಾರದೆಂಬ ವ್ಯವಸ್ಥೆ ಎಂಥದೆಂದು ನಮ್ಮ ದೇಶದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1801ರ ಕೂಟದಲ್ಲಿ ಕಪ್ಪು ಜನರು ಬೇರೆಯಾಗಿ ಒಂದೆಡೆ ನೆರೆದಿದ್ದರು, ಅವರಿಗೆ ಅವರದೇ ಬೋಧಕನಿದ್ದ ಎಂಬುದೂ ತಿಳಿದಿದೆ.

ಹಾಗೆಂದು ಸಭೆಯವರೆಲ್ಲರೂ ಇದನ್ನು ಒಪ್ಪಿಕೊಂಡು ಕೂತಿದ್ದರೆಂದಲ್ಲ. ಕೆಂಟಕಿಯ ಹಿರಿಯ ಪ್ರೆಸ್ಬಿಟೇರಿಯನ್ ಪಾಲಕ ಡೇವಿಡ್ ರೈಸ್ 1792ರ ಸಂವಿಧಾನ ರಚನಾ ಸಭೆಯಲ್ಲಿ ಗುಲಾಮಗಿರಿಯ ವಿರುದ್ಧ ವಾದಿಸಿ ಸೋತಿದ್ದರು. ಸ್ಟೋನ್ ತಮ್ಮ ಪಾಲಿಗೆ ಬಂದಿದ್ದ ಗುಲಾಮರನ್ನು ಬಿಡುಗಡೆ ಮಾಡಿದರು. ಕೇನ್ ರಿಡ್ಜ್‌ನ ಹಿರಿಯ ಡೇವಿಡ್ ಪರ್ವಯನ್ಸ್ ರಾಜ್ಯದ ಶಾಸಕಾಂಗದಲ್ಲಿದ್ದವರು, ಗುಲಾಮಗಿರಿಯ ವಿರೋಧಿ. ಅವರು 1807ರಲ್ಲಿ ಗುಲಾಮಗಿರಿ ನಿಷಿದ್ಧವಾಗಿದ್ದ ಓಹಾಯೊಗೆ ವಲಸೆ ಹೋದರು. ಸ್ಟೋನ್ ಕೂಡ 1834ರಲ್ಲಿ ಇಲಿನಾಯ್‌ಗೆ ಹೋದರು. ಹೆಂಡತಿಯ ಕಡೆಯಿಂದ ಬಂದ ಗುಲಾಮರಿಗೆ ಕೆಂಟಕಿಯ ಕಾನೂನಿನಡಿ ಬಿಡುಗಡೆ ಕೊಡಲಾಗದ್ದು ಅದಕ್ಕೆ ಒಂದು ಕಾರಣ. ಮನಸ್ಸಾಕ್ಷಿ ಇದ್ದವರು ಊರು ಬಿಟ್ಟರು. ಊರಿನಲ್ಲಿ ಗುಲಾಮಗಿರಿ ಅಂತರ್ಯುದ್ಧ ಮುಗಿಯುವವರೆಗೂ ಉಳಿಯಿತು.

ಅಟ್ಟವನ್ನು 1829ರಲ್ಲಿ ಚರ್ಚನ್ನು ನವೀಕರಿಸುವಾಗ ತೆಗೆದುಹಾಕಿದರು. ಅದರ ಮರ ಹತ್ತಿರದ ಕೊಟ್ಟಿಗೆಯೊಂದರಲ್ಲಿ ಬಳಕೆಯಾಗಿ ಅಲ್ಲೇ ಒಂದು ಶತಮಾನ ಕಳೆಯಿತು. 1932ರಲ್ಲಿ ಕಟ್ಟಡವನ್ನು ಮೂಲ ರೂಪಕ್ಕೆ ತರಲು ಹೊರಟವರು ಅದೇ ಮರವನ್ನು ಮರಳಿ ತಂದು ಅಟ್ಟವನ್ನು ಇದ್ದ ಜಾಗದಲ್ಲೇ ಕೂರಿಸಿದರು. ಲೆಕ್ಸಿಂಗ್ಟನ್‌ನ ಓದುಗರು ಮುಂದಿನ ಸಲ ಹೋದಾಗ ಅದನ್ನು ಗಮನವಿಟ್ಟು ನೋಡಬಹುದು.

ಪ್ರಶ್ನೆ: ಅಷ್ಟು ದೊಡ್ಡ ಉಜ್ಜೀವನ ಕಂಡ ಪ್ರೆಸ್ಬಿಟೇರಿಯನ್ ಸಭೆ ಮೂರೇ ವರ್ಷಗಳಲ್ಲಿ ಪ್ರೆಸ್ಬಿಟೇರಿಯನ್ ಆಗಿ ಉಳಿಯಲಿಲ್ಲ ಎಂದರೆ ವಿಚಿತ್ರವಲ್ಲವೇ? ಹಣದ ಜಗಳವೇ, ಅಧಿಕಾರದ ಜಗಳವೇ? (ಉಡುಪಿ)

ಎರಡೂ ಅಲ್ಲ, ಸಿದ್ಧಾಂತದ ಜಗಳ. ಆದರೆ ಅದರ ಬೇರು ಆ ಕೂಟದಲ್ಲೇ ಇತ್ತು.

ಪ್ರೆಸ್ಬಿಟೇರಿಯನ್ ಪಾಲಕರೆಲ್ಲರೂ ಒಪ್ಪಬೇಕಾಗಿದ್ದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ ಪ್ರಕಾರ ಯಾರು ರಕ್ಷಣೆ ಹೊಂದುವರೆಂಬುದನ್ನು ದೇವರು ಅನಾದಿಯಲ್ಲೇ ನಿಶ್ಚಯಿಸಿದ್ದಾನೆ. ಸ್ಟೋನ್‌ರಿಗೆ ಇದು ಮೊದಲಿನಿಂದಲೂ ಗಂಟಲಿನಲ್ಲಿ ಇಳಿಯದ ಮಾತಾಗಿತ್ತು. 1798ರಲ್ಲಿ ಅವರ ದೀಕ್ಷೆಯ ದಿನ, ಈ ಪ್ರಮಾಣವನ್ನು ಸ್ವೀಕರಿಸುವಿರಾ ಎಂದು ಪ್ರೆಸ್ಬಿಟರಿ ಕೇಳಿದಾಗ, ದೇವರ ವಾಕ್ಯಕ್ಕೆ ಹೊಂದುತ್ತದೆಂದು ನನಗೆ ಕಾಣುವ ಮಟ್ಟಿಗೆ ಸ್ವೀಕರಿಸುತ್ತೇನೆ ಎಂದು ಉತ್ತರಿಸಿದ್ದರು. ಪ್ರೆಸ್ಬಿಟರಿ ಅದನ್ನು ಒಪ್ಪಿಕೊಂಡು ದೀಕ್ಷೆ ಕೊಟ್ಟಿತ್ತು. ಆಗಲೇ ಬಿರುಕು ಇತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1801ರ ನಂತರ ಬಿರುಕು ಕಂದಕವಾಯಿತು. ಸಾವಿರಾರು ಜನರ ಎದುರು ನಿಂತು, ಇಂದೇ ನಂಬಿರಿ, ಯಾರು ಬೇಕಾದರೂ ಬರಬಹುದು ಎಂದು ಕೂಗಿ ಕರೆದ ಬೋಧಕ, ಮರುವಾರ ಪೀಠ ಹತ್ತಿ ಕೆಲವರನ್ನು ಮಾತ್ರ ಮೊದಲೇ ಆರಿಸಲಾಗಿದೆ ಎಂದು ಬೋಧಿಸುವುದು ಹೇಗೆ? ಸ್ಟೋನ್ ಜೊತೆಗೆ ರಿಚರ್ಡ್ ಮೆಕ್‌ನೆಮಾರ್, ಜಾನ್ ಥಾಂಪ್ಸನ್, ಜಾನ್ ಡನ್‌ಲೇವಿ, ರಾಬರ್ಟ್ ಮಾರ್ಷಲ್ ಎಂಬ ಪಾಲಕರೂ ಇದೇ ಇಕ್ಕಟ್ಟಿನಲ್ಲಿದ್ದರು. ಮೆಕ್‌ನೆಮಾರ್ ಮೇಲೆ ತಪ್ಪು ಬೋಧನೆಯ ಆರೋಪ ಬಂದು ವಿಷಯ 1803ರ ಸೆಪ್ಟೆಂಬರಿನಲ್ಲಿ ಕೆಂಟಕಿ ಸಿನಡಿನ ಮುಂದೆ ಬಂದಾಗ, ತೀರ್ಪಿಗೆ ಕಾಯದೆ ಐವರೂ ಸಿನಡಿನ ಅಧಿಕಾರವನ್ನು ತ್ಯಜಿಸಿ ಹೊರಬಂದು ಸ್ಪ್ರಿಂಗ್‌ಫೀಲ್ಡ್ ಪ್ರೆಸ್ಬಿಟರಿ ಎಂಬ ಸ್ವತಂತ್ರ ಕೂಟ ಕಟ್ಟಿಕೊಂಡರು. ಸಿನಡ್ ಅವರನ್ನು ಅಮಾನತುಗೊಳಿಸಿತು.

ಹಣದ ಪ್ರಶ್ನೆ ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಸ್ಟೋನ್ ತಮ್ಮ ಎರಡೂ ಸಭೆಗಳನ್ನು ಕರೆದು, ನೀವು ನನ್ನನ್ನು ಕರೆದದ್ದು ಪ್ರೆಸ್ಬಿಟೇರಿಯನ್ ಬೋಧನೆಗಾಗಿ, ಅದನ್ನು ಇನ್ನು ನಾನು ಮಾಡಲಾರೆ ಎಂದು ತಿಳಿಸಿ, ಸಂಬಳಕ್ಕಾಗಿ ಅವರು ರುಜು ಹಾಕಿಕೊಟ್ಟಿದ್ದ ಪತ್ರವನ್ನು ಅವರೆದುರಿಗೇ ಹರಿದುಹಾಕಿದರು. ಬೋಧಿಸುವುದನ್ನು ಬಿಡಲಿಲ್ಲ, ಹೊಟ್ಟೆಪಾಡಿಗೆ ತಮ್ಮ ಹೊಲದಲ್ಲಿ ದುಡಿದರು. ಜಗಳದಲ್ಲಿ ಯಾರ ಪಕ್ಷ ಸರಿ ಎಂಬುದನ್ನು ದೇವಶಾಸ್ತ್ರಜ್ಞರಿಗೆ ಬಿಡೋಣ. ಆದರೆ ಕೊಟ್ಟ ಮಾತಿಗೂ ಪಡೆಯುವ ಸಂಬಳಕ್ಕೂ ಇರುವ ಸಂಬಂಧವನ್ನು ಇಷ್ಟು ನೇರವಾಗಿ ಅರಿತ ಪಾಲಕರು ಯಾವ ಪಂಥದಲ್ಲೂ ಹೆಚ್ಚಿಲ್ಲ.

ಹೊಸ ಪ್ರೆಸ್ಬಿಟರಿಯ ಆಯುಸ್ಸು ಒಂದು ವರ್ಷವೂ ಇರಲಿಲ್ಲ. 1804ರ ಜೂನ್ 28ರಂದು ಕೇನ್ ರಿಡ್ಜ್‌ನಲ್ಲೇ ಅದರ ಸದಸ್ಯರು ಒಂದು ಉಯಿಲು ಬರೆದು, ತಮ್ಮ ಕೂಟ ಸತ್ತು ಕ್ರಿಸ್ತನ ಸಮಗ್ರ ಸಭೆಯಲ್ಲಿ ಲೀನವಾಗಲಿ ಎಂದು ಘೋಷಿಸಿದರು. ಐವರು ಪಾಲಕರ ಜೊತೆಗೆ ಪರ್ವಯನ್ಸ್ ಅವರ ಸಹಿಯೂ ಅದರಲ್ಲಿದೆ. ಉಯಿಲಿನ ಧಾಟಿಯಲ್ಲಿ ಭಕ್ತಿಯಷ್ಟೇ ಕುಚೋದ್ಯವೂ ಇದೆ: ವಿಶ್ವಾಸ ಪ್ರಮಾಣದಿಂದ ಸರಿದಿರುವರೆಂಬ ಗುಮಾನಿ ಇರುವ ಪ್ರತಿಯೊಬ್ಬನನ್ನೂ ಕೆಂಟಕಿ ಸಿನಡ್ ಹುಡುಕಿ ಹುಡುಕಿ ಕೂಡಲೇ ಅಮಾನತು ಮಾಡಲಿ, ಆಗ ತುಳಿತಕ್ಕೊಳಗಾದವರಿಗೆ ಬಿಡುಗಡೆಯಾದೀತು ಎಂದು ಒಂದು ಕಲಮಿನಲ್ಲಿ ಹಾರೈಸಿದ್ದಾರೆ. ಅಂದಿನಿಂದ ಅವರು ಕ್ರೈಸ್ತರು ಎಂಬುದರ ಹೊರತು ಬೇರೆ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಕೇನ್ ರಿಡ್ಜ್ ಸಭೆ ಸ್ಟೋನ್ ಜೊತೆ ಹೋಯಿತು, ಕಟ್ಟಡವೂ ಅವರ ಕೈಯಲ್ಲೇ ಉಳಿಯಿತು. ಕೆಲವೇ ವರ್ಷಗಳಲ್ಲಿ ಶಿಶುಗಳಿಗೆ ನೀರು ಚಿಮುಕಿಸುವ ಪ್ರೆಸ್ಬಿಟೇರಿಯನ್ ಪದ್ಧತಿಯ ಜಾಗಕ್ಕೆ ದೊಡ್ಡವರನ್ನು ಹೊಳೆಯಲ್ಲಿ ಮುಳುಗಿಸುವ ದೀಕ್ಷಾಸ್ನಾನ ಬಂತು.

ಉಯಿಲಿಗೆ ಸಹಿ ಹಾಕಿದವರು ಮುಂದೆ ಒಂದಾಗಿ ಉಳಿಯಲಿಲ್ಲ. ಮೆಕ್‌ನೆಮಾರ್ ಮತ್ತು ಡನ್‌ಲೇವಿ ಮರುವರ್ಷವೇ, ಪೂರ್ವದಿಂದ ಕಾಲ್ನಡಿಗೆಯಲ್ಲಿ ಬಂದ ಶೇಕರ್ ಪಂಥದ ಪ್ರಚಾರಕರ ಮಾತಿಗೆ ಒಲಿದು ಬ್ರಹ್ಮಚರ್ಯ ಪಾಲಿಸುವ ಆ ಸಮುದಾಯ ಸೇರಿದರು. ಮಾರ್ಷಲ್ ಮತ್ತು ಥಾಂಪ್ಸನ್ 1811ರಲ್ಲಿ ಪ್ರೆಸ್ಬಿಟೇರಿಯನ್ ಸಭೆಗೆ ಮರಳಿದರು. ಪಾಲಕರಲ್ಲಿ ಉಳಿದವರು ಸ್ಟೋನ್ ಒಬ್ಬರೇ.

ಪ್ರೆಸ್ಬಿಟೇರಿಯನ್ ಸಭೆಗೆ ಈ ಉಜ್ಜೀವನದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು. ಎದ್ದು ಬಂದ ಜನರನ್ನು ಕೂಡಲೇ ಒಳಗೆ ತೆಗೆದುಕೊಳ್ಳಲು ಅವರ ಬಳಿ ಸಾಕಷ್ಟು ಪಾಲಕರಿರಲಿಲ್ಲ. ಗ್ರೀಕ್ ಓದಿದವನೇ ಬೇಕೆಂಬ ಕಟ್ಟಳೆ ಇರುವವರೆಗೆ ಇರುವುದೂ ಸಾಧ್ಯವಿರಲಿಲ್ಲ. ಅದನ್ನು ಸಡಿಲಿಸಿ, ಹೆಚ್ಚು ಓದಿರದವರಿಗೂ ಬೋಧಿಸಲು ಅನುಮತಿ ಕೊಟ್ಟ ಕಂಬರ್‌ಲ್ಯಾಂಡ್ ಪ್ರೆಸ್ಬಿಟರಿಯ ಜೊತೆ ಸಿನಡ್ ಜಗಳಕ್ಕೆ ನಿಂತಿತು. ಅವರು 1810ರಲ್ಲಿ ಕಂಬರ್‌ಲ್ಯಾಂಡ್ ಪ್ರೆಸ್ಬಿಟೇರಿಯನ್ನರೆಂದು ಬೇರೆಯಾದರು. ಅಷ್ಟರಲ್ಲಿ ಮೆಥಡಿಸ್ಟರ ಕುದುರೆ ಸವಾರ ಬೋಧಕರೂ ಬ್ಯಾಪ್ಟಿಸ್ಟರ ರೈತ ಬೋಧಕರೂ ಹಳ್ಳಿಹಳ್ಳಿಗೆ ತಲುಪಿದ್ದರು.

ಪ್ರಶ್ನೆ: ಈಗ ಅಲ್ಲಿ ಆರಾಧನೆ ನಡೆಯುತ್ತದೆಯೇ? ಸ್ಟೋನ್ ಅವರ ಪಂಥಕ್ಕೂ ಭಾರತಕ್ಕೂ ಸಂಬಂಧವಿದೆಯೇ? (ಶಿವಮೊಗ್ಗ)

ಸಭೆಯಾಗಿ ಕೇನ್ ರಿಡ್ಜ್ 1921ರಲ್ಲಿ ಮುಗಿಯಿತು. ಈಗ ಅದು ಸ್ಮಾರಕ. ಬೇರೆ ಊರುಗಳ ಸಭೆಗಳವರು ಬಂದಾಗ ಒಳಗೆ ಹಾಡಿ ಪ್ರಾರ್ಥಿಸಿ ಹೋಗುತ್ತಾರೆ. 1844ರಲ್ಲಿ ಮಿಸೌರಿಯ ಹ್ಯಾನಿಬಲ್‌ನಲ್ಲಿ ತೀರಿಕೊಂಡ ಸ್ಟೋನ್ ಅವರ ಅವಶೇಷಗಳನ್ನು 1847ರಲ್ಲಿ ತಂದು ಚರ್ಚಿನ ಅಂಗಳದಲ್ಲಿ ಸಮಾಧಿ ಮಾಡಿದ್ದಾರೆ.

ಸ್ಟೋನ್ ಅವರ ಅನುಯಾಯಿಗಳು, ಅವರಂತೆಯೇ ಪಂಥಭೇದ ಬೇಡವೆಂದ ಬೋಧಕ ಅಲೆಗ್ಸಾಂಡರ್ ಕ್ಯಾಂಬೆಲ್ ಅವರ ಅನುಯಾಯಿಗಳೊಡನೆ 1832ರ ಜನವರಿಯಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಕೈಜೋಡಿಸಿದರು. ಇಂದಿನ ಡಿಸೈಪಲ್ಸ್ ಆಫ್ ಕ್ರೈಸ್ಟ್ ಹಾಗೂ ಚರ್ಚಸ್ ಆಫ್ ಕ್ರೈಸ್ಟ್ ಸಭೆಗಳು ಅದರಿಂದ ಬೆಳೆದವು. ಪಂಥಗಳೇ ಬೇಡವೆಂದು ಉಯಿಲು ಬರೆದವರಿಂದ ಒಂದಕ್ಕಿಂತ ಹೆಚ್ಚು ಪಂಥಗಳಾದದ್ದನ್ನು ಅವರ ಇತಿಹಾಸಕಾರರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಭಾರತಕ್ಕೆ ಡಿಸೈಪಲ್ಸ್ ಮಿಶನರಿಗಳು ಬಂದದ್ದು 1882ರಲ್ಲಿ. ಅವರು ಕರ್ನಾಟಕದ ಕಡೆಗೆ ಬಾರದೆ ಮಧ್ಯ ಪ್ರಾಂತ್ಯವನ್ನು ಆರಿಸಿಕೊಂಡು ಮೊದಲು ಹರ್ದಾದಲ್ಲಿ, ಆಮೇಲೆ ಇಂದಿನ ಛತ್ತೀಸಗಢದ ಬಿಲಾಸಪುರ, ಮುಂಗೇಲಿಗಳಲ್ಲಿ ಶಾಲೆ, ಆಸ್ಪತ್ರೆ, ಸಭೆಗಳನ್ನು ತೆರೆದರು.